ಬೇಸ್ ಹಿಡಿದವನು ಇಳಿದು ಹೋದ ರಾತ್ರಿ

(ಗೆಳೆಯರ ಸಂಗೀತ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಹಾಡು ಕೇಳಿಸಿದ ಕಡೆ ಕಂಸದಲ್ಲಿ ಗುರುತು ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶುರುವಿಗೇ ಒಂದು ವಿಷಯ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿದ್ದಾಗ ನಾನು ಒಂದು ಬ್ಯಾಂಡಿನಲ್ಲಿ ಬೇಸ್ ಗಿಟಾರ್, ಅಂದರೆ ತಗ್ಗು ದನಿಯ ಗಿಟಾರ್, ನುಡಿಸುತ್ತಿದ್ದೆ. ಇಷ್ಟಪಟ್ಟು ಹಿಡಿದದ್ದಲ್ಲ. ನಾವಿದ್ದದ್ದು ನಾಲ್ಕು ಜನ. ಒಬ್ಬ ಡ್ರಮ್ಸ್, ಉಳಿದ ಮೂವರಿಗೂ ಗಿಟಾರೇ ಬೇಕು. ಚೀಟಿ ಎತ್ತಿದೆವು. ಬೇಸ್ ನನ್ನ ಪಾಲಿಗೆ ಬಂತು. ಬೇಸ್ ನುಡಿಸುವವನನ್ನು ಯಾರೂ ನೋಡುವುದಿಲ್ಲ. ಫೋಟೊದಲ್ಲಿ ಅವನ ಒಂದು ಕೈ, ಒಂದು ಕಿವಿ ಮಾತ್ರ ಬಂದಿರುತ್ತದೆ. ಒಂದು ಕಾರ್ಯಕ್ರಮಕ್ಕೆ ನಮ್ಮ ಅತ್ತಿಗೆ ಬಂದಿದ್ದರು. ಮುಗಿದ ಮೇಲೆ, "ನೀನು ಯಾಕೆ ಹಾಡಲಿಲ್ಲ?" ಅಂದರು. ನುಡಿಸಿದ್ದು ಅವರ ಗಮನಕ್ಕೇ ಬಂದಿರಲಿಲ್ಲ!

ಇವತ್ತು ನಾನು ಹೇಳಹೊರಟಿರುವುದು ದಿ ವೈನ್ಸ್ ಎಂಬ ಬ್ಯಾಂಡಿನ ಕತೆ. ಆಸ್ಟ್ರೇಲಿಯಾದ ಸಿಡ್ನಿಯ ಗ್ಯಾರೇಜ್ ರಾಕ್ ಬ್ಯಾಂಡ್. ಇವರ ಕತೆಯನ್ನು ಯಾರೇ ಹೇಳಲಿ, ಅದು ಹಾಡುಗಾರ ಕ್ರೇಗ್ ನಿಕೋಲ್ಸ್‌ನ ಕತೆಯಾಗಿಬಿಡುತ್ತದೆ. ಕೂಗಿದ, ಉರುಳಾಡಿದ, ಗಿಟಾರ್ ಒಡೆದ, ಕೋರ್ಟ್ ಮೆಟ್ಟಿಲು ಹತ್ತಿದ. ಅದೆಲ್ಲ ನಿಜವೇ. ಆದರೆ ನಾನು ಬೇಸ್ ಹಿಡಿದವನ ಕಡೆಯಿಂದ ಹೇಳುತ್ತೇನೆ. ಪ್ಯಾಟ್ರಿಕ್ ಮ್ಯಾಥ್ಯೂಸ್ ಅಂತ ಅವನ ಹೆಸರು. ಕುಲಬಾಂಧವ ಅನ್ನುವ ಅಭಿಮಾನ ಅಂದುಕೊಳ್ಳಿ ಬೇಕಾದರೆ. ಇನ್ನೊಂದು ಮಾತು. ಕ್ರೇಗ್ ಹುಟ್ಟಿದ್ದು 1977ರಲ್ಲಿ, ನನಗಿಂತ ನಾಲ್ಕೇ ವರ್ಷ ದೊಡ್ಡವನು. ಹಾಗಾಗಿ ಎಲ್ಲರನ್ನೂ ಏಕವಚನದಲ್ಲೇ ಕರೆಯುತ್ತೇನೆ. ರಾಕ್ ಬ್ಯಾಂಡಿನವರನ್ನು "ಅವರು, ಇವರು" ಅಂದರೆ ನನಗೆ ಯಾಕೋ ನಾಲಿಗೆ ತಿರುಗುವುದಿಲ್ಲ.

ಗ್ಯಾರೇಜ್ ರಾಕ್ ಅಂದರೆ ಏನು ಅಂತ ಮುಂದಿನ ಸಾಲಿನಲ್ಲಿ ಯಾರೋ ಕೇಳುತ್ತಿದ್ದಾರೆ. ಹೆಸರೇ ಹೇಳುತ್ತದೆ. 1960ರ ದಶಕದ ಅಮೆರಿಕ. ಹೈಸ್ಕೂಲ್ ಹುಡುಗರು ಅಪ್ಪನ ಕಾರನ್ನು ರಸ್ತೆಯಲ್ಲಿ ನಿಲ್ಲಿಸಿ, ಖಾಲಿಯಾದ ಗ್ಯಾರೇಜಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಅಗ್ಗದ ಗಿಟಾರ್, ಅಗ್ಗದ ಆಂಪ್ಲಿಫೈಯರ್. ದನಿ ಒಡೆದು ಗೊರಗೊರ ಅನ್ನುತ್ತಿತ್ತು. ಕೊನೆಗೆ ಆ ಗೊರಗೊರವೇ ರುಚಿಯಾಯಿತು. ಮೂರು ಕಾರ್ಡ್ಸ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಮೂರು ಗುಂಪು, ಗೊತ್ತಿದ್ದರೆ ಹಾಡು ಸಿದ್ಧ. ಎರಡೂವರೆ ನಿಮಿಷದಲ್ಲಿ ಮುಗಿಸಿ ಊಟಕ್ಕೆ ಹೋಗಬೇಕು.

ಈ ಸಂಗೀತದ ಅತಿ ದೊಡ್ಡ ಹಾಡು 'ಲೂಯಿ ಲೂಯಿ'. ಪೋರ್ಟ್‌ಲ್ಯಾಂಡ್ ಊರಿನ ದಿ ಕಿಂಗ್ಸ್‌ಮೆನ್ ಎಂಬ ಹುಡುಗರು ಅದನ್ನು 1963ರ ಏಪ್ರಿಲ್‌ನಲ್ಲಿ ರೆಕಾರ್ಡ್ ಮಾಡಿದರು. ಹಾಡಿದವನು ಜ್ಯಾಕ್ ಈಲಿ. ಒಂದು ಪದವೂ ಸರಿಯಾಗಿ ಕೇಳಿಸುವುದಿಲ್ಲ. ಎಷ್ಟು ಕೇಳಿಸುವುದಿಲ್ಲ ಅಂದರೆ, ಇದರಲ್ಲಿ ಅಶ್ಲೀಲ ಮಾತು ಇರಬಹುದು ಅಂತ ಎಫ್‌ಬಿಐನವರು ತನಿಖೆಯನ್ನೇ ನಡೆಸಿದರು. ಅವರಿಗೂ ಅರ್ಥವಾಗಲಿಲ್ಲ. ಸರ್ಕಾರಿ ಖರ್ಚಿನಲ್ಲಿ ಕೂತು ಹಾಡು ಕೇಳಿದ್ದಷ್ಟೇ ಲಾಭ.

ಆದರೆ ನನಗೆ ಬೇಕಾದ ಭಾಗ ಬೇರೆ. ಹಾಡು ಹೆಸರು ಮಾಡುವ ಹೊತ್ತಿಗೆ ಅದನ್ನು ಹಾಡಿದ ಜ್ಯಾಕ್ ಈಲಿ ಬ್ಯಾಂಡಿನಲ್ಲೇ ಇರಲಿಲ್ಲ. ಡ್ರಮ್ಸ್ ಬಾರಿಸುತ್ತಿದ್ದ ಲಿನ್ ಈಸ್ಟನ್ ಒಂದು ದಿನ, ಇನ್ನು ಮೇಲೆ ನಾನೇ ಹಾಡುವವನು, ನೀನು ಡ್ರಮ್ಸ್‌ಗೆ ಹೋಗು ಅಂದ. ಬ್ಯಾಂಡಿನ ಹೆಸರನ್ನು ನೋಂದಾಯಿಸಿದ್ದು ಈಸ್ಟನ್‌ನ ಮನೆಯವರು. ಕಾಗದ ಅವರ ಕೈಯಲ್ಲಿತ್ತು. ಈಲಿ ಹೊರಟುಹೋದ. ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. ವೇದಿಕೆಯ ಮೇಲೆ ಮಾತ್ರ ಬೇರೆಯವನು. ಅಂದರೆ ನೋಡಿ, ಬ್ಯಾಂಡ್ ಬಿಟ್ಟವರ, ಬಿಡಿಸಿದವರ ಜಗಳ ಗ್ಯಾರೇಜ್ ರಾಕ್ ಹುಟ್ಟಿದಾಗಲೇ ಅದರ ಜೊತೆ ಹುಟ್ಟಿದ್ದು.

ಆ ಕಾಲದ ಬ್ಯಾಂಡುಗಳಲ್ಲಿ ಹೆಚ್ಚಿನವು ಒಂದೋ ಎರಡೋ ಹಾಡು ಮಾಡಿ ಮಾಯವಾದವು. 1972ರಲ್ಲಿ ಲೆನಿ ಕೇ ಎಂಬುವನು ಅಂಥ 27 ಹಾಡು ಹೆಕ್ಕಿ 'ನಗೆಟ್ಸ್' ಎಂಬ ಸಂಗ್ರಹ ಮಾಡಿದ. ಅಂಗಡಿಯ ಮೂಲೆಯಲ್ಲಿ ದೂಳು ಹಿಡಿದಿದ್ದ ಸರಕು ಮತ್ತೆ ಹುಡುಗರ ಕೈಗೆ ಬಂತು. 80ರ ದಶಕದಲ್ಲಿ ಒಂದು ಸುತ್ತು ಇದೇ ಶೈಲಿ ಸಣ್ಣ ಕ್ಲಬ್ಬುಗಳಲ್ಲಿ ಮರಳಿತು. ದೊಡ್ಡ ಅಲೆ ಎದ್ದದ್ದು 2001ರಲ್ಲಿ. ನ್ಯೂಯಾರ್ಕಿನಿಂದ ದಿ ಸ್ಟ್ರೋಕ್ಸ್, ಡೆಟ್ರಾಯ್ಟ್‌ನಿಂದ ದಿ ವೈಟ್ ಸ್ಟ್ರೈಪ್ಸ್, ಸ್ವೀಡನ್ನಿನ ಫಾಗರ್‌ಸ್ಟಾ ಎಂಬ ಸಣ್ಣ ಊರಿನಿಂದ ದಿ ಹೈವ್ಸ್. ನಾಲ್ಕನೆಯ ಹೆಸರು ನಮ್ಮ ವೈನ್ಸ್. ಪತ್ರಿಕೆಗಳು ಈ ನಾಲ್ಕನ್ನೂ ಒಂದೇ ಚೀಲಕ್ಕೆ ಹಾಕಿದವು. ನಿಜ ಹೇಳಬೇಕೆಂದರೆ ಇವರಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಎಲ್ಲರ ಹೆಸರೂ 'ದಿ' ಇಂದ ಶುರುವಾಗುತ್ತಿತ್ತು, ಅದೊಂದು ಸಮಾನ.

ಈಗ ಸಿಡ್ನಿಗೆ ಬನ್ನಿ. ನಗರದ ದಕ್ಷಿಣಕ್ಕೆ ಹರ್ಸ್ಟ್‌ವಿಲ್ ಎಂಬ ಬಡಾವಣೆ ಇದೆ. 90ರ ದಶಕದ ಮೊದಲ ವರ್ಷಗಳು. ಅಲ್ಲಿನ ಮೆಕ್‌ಡೊನಾಲ್ಡ್ಸ್‌ನಲ್ಲಿ ಇಬ್ಬರು ಹುಡುಗರು ಕೆಲಸ ಮಾಡುತ್ತಿದ್ದರು, ಕ್ರೇಗ್ ಮತ್ತು ಪ್ಯಾಟ್ರಿಕ್. ಬರ್ಗರ್ ಕಟ್ಟುತ್ತಾ ಮಾತಿಗೆ ಮಾತು ಬೆಳೆದು, ಇಬ್ಬರಿಗೂ ನಿರ್ವಾಣ ಇಷ್ಟ ಅಂತ ಗೊತ್ತಾಯಿತು. ನಿರ್ವಾಣ ಅಂದರೆ ಕರ್ಟ್ ಕೋಬೇನ್‌ನ ಬ್ಯಾಂಡ್, ಮೋಕ್ಷದ ವಿಷಯ ಅಲ್ಲ. ಡ್ರಮ್ಸ್‌ಗೆ ಡೇವಿಡ್ ಆಲಿಫ್ ಸಿಕ್ಕ. ಹಿತ್ತಲಲ್ಲಿ ನಡೆಯುವ ಪಾರ್ಟಿಗಳಲ್ಲಿ ನಿರ್ವಾಣದ ಹಾಡು, ಅವರದೇ ಊರಿನ ಯೂ ಆಮ್ ಐ ಬ್ಯಾಂಡಿನ ಹಾಡು ನುಡಿಸುತ್ತಿದ್ದರು. ಈ ಯೂ ಆಮ್ ಐ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

1994ರಲ್ಲಿ ಬ್ಯಾಂಡಿಗೆ ಒಂದು ಹೆಸರಿಟ್ಟರು. ಏನು ಹೇಳಿ ನೋಡೋಣ? ಯಾರಿಗೂ ಗೊತ್ತಿಲ್ವಾ? ಋಷಿಕೇಶ! ನಗಬೇಡಿ, ನಿಜ. 1968ರಲ್ಲಿ ಬೀಟಲ್ಸ್ ಮಹರ್ಷಿ ಮಹೇಶ ಯೋಗಿಯ ಆಶ್ರಮಕ್ಕೆ ಬಂದಿದ್ದರಲ್ಲ, ಆ ಋಷಿಕೇಶ. ಕ್ರೇಗ್‌ಗೆ ಬೀಟಲ್ಸ್ ಅಂದರೆ ಪ್ರಾಣ. ಪಾಪ, ಸಿಡ್ನಿಯ ಪತ್ರಿಕೆಗಳಿಗೆ ಈ ಹೆಸರು ಬರೆಯುವುದಕ್ಕೇ ಬರಲಿಲ್ಲ. 'ರಿಷಿ ಕ್ಯಾಸಮ್ಸ್' ಅಂತೆಲ್ಲ ಅಚ್ಚಾಗುತ್ತಿತ್ತು. ಬೇಸತ್ತು ಹೆಸರು ಬದಲಾಯಿಸಿದರು. ಕ್ರೇಗ್‌ನ ಅಪ್ಪನಿಗೂ ಹಿಂದೆ ದಿ ವೈನ್ಸ್ ಅಂತಲೇ ಒಂದು ಬ್ಯಾಂಡಿತ್ತು. ಅವರ ಇಂಗ್ಲಿಷ್ ಕಾಗುಣಿತದಲ್ಲಿ 'ಐ' ಇರಬೇಕಾದ ಕಡೆ 'ವೈ' ಇತ್ತು. ಮಗ ಕಾಗುಣಿತ ತಿದ್ದಿ ಅಪ್ಪನ ಹೆಸರನ್ನೇ ಇಟ್ಟುಕೊಂಡ.

ಆಮೇಲಿನ ಆರೇಳು ವರ್ಷ ಏನೂ ಆಗಲಿಲ್ಲ. ಬ್ಯಾಂಡುಗಳ ಕತೆಯಲ್ಲಿ ಈ ಏನೂ ಆಗದ ವರ್ಷಗಳನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ನನಗೆ ಅವೇ ಮುಖ್ಯ ಅನ್ನಿಸುತ್ತದೆ. ಕ್ರೇಗ್ ಮನೆಯಲ್ಲಿ ಕೂತು ಹಾಡು ಕಟ್ಟುತ್ತಿದ್ದ, ಚಿತ್ರ ಬರೆಯುತ್ತಿದ್ದ. ನಾಲ್ಕು ಟ್ರ್ಯಾಕಿನ ಸಣ್ಣ ಯಂತ್ರದಲ್ಲಿ ತಾನೇ ರೆಕಾರ್ಡ್ ಮಾಡುತ್ತಿದ್ದ. ಜನರ ಮುಂದೆ ನಿಲ್ಲುವುದು ಅವನಿಗೆ ಸುಲಭವಾಗಿರಲಿಲ್ಲ. ಹಾಗಿರುವಾಗ ಪಕ್ಕದಲ್ಲಿ ಇನ್ನಿಬ್ಬರು ವರ್ಷಗಟ್ಟಲೆ ನಿಂತಿದ್ದರಲ್ಲ, ಅದು ಸಣ್ಣ ಮಾತಲ್ಲ. ದುಡ್ಡಿಲ್ಲ, ಹೆಸರಿಲ್ಲ. ವಾರಕ್ಕೊಮ್ಮೆ ಸೇರಿ ಅವನ ಹೊಸ ಹಾಡು ಕಲಿಯುವುದು. ನಮ್ಮ ಕಾಲೇಜು ಬ್ಯಾಂಡ್ ಒಂದೂವರೆ ವರ್ಷಕ್ಕೇ ಮುಗಿಯಿತು. ಯಾರು ಆಟೋದಲ್ಲಿ ಆಂಪ್ಲಿಫೈಯರ್ ಸಾಗಿಸಬೇಕು ಅನ್ನುವ ಜಗಳದಲ್ಲಿ.

2001ರಲ್ಲಿ ಅವರ 'ಫ್ಯಾಕ್ಟರಿ' ಎಂಬ ಹಾಡು ಬಂತು. ಇಂಗ್ಲೆಂಡಿನ ಎನ್‌ಎಂಇ ಎಂಬ ಸಂಗೀತ ಪತ್ರಿಕೆ ಅದನ್ನು ವಾರದ ಹಾಡು ಅಂತ ಆರಿಸಿತು. ಒಂದು ತುಣುಕು ಕೇಳಿ.

(ಹಾಡು)

ಕುಣಿದು ಕುಣಿದು ಹೋಗುವ ಈ ಲಯ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಬೀಟಲ್ಸ್‌ನ 'ಒಬ್ಲಾಡಿ ಒಬ್ಲಾಡ' ನೆನಪಾಗುತ್ತದೆ. ಆ ಹಾಡನ್ನು ಪಾಲ್ ಮೆಕಾರ್ಟ್ನಿ ಕಟ್ಟತೊಡಗಿದ್ದು ಎಲ್ಲಿ ಗೊತ್ತೇ? ಋಷಿಕೇಶದ ಆಶ್ರಮದಲ್ಲೇ. ಹೆಸರು ಬಿಟ್ಟರೂ ಊರು ಬಿಡಲಿಲ್ಲ ಅನ್ನಿ.

ಆ ವರ್ಷವೇ ಮೂವರೂ ಲಾಸ್ ಏಂಜಲೀಸ್‌ಗೆ ಹೋದರು. ಮೊದಲ ಆಲ್ಬಮ್ ಮಾಡಲು. ನಿರ್ಮಾಪಕ ರಾಬ್ ಶ್ನಾಫ್. ಅದಕ್ಕೂ ಮುಂಚೆ ಬೆಕ್ ಮತ್ತು ಎಲಿಯಟ್ ಸ್ಮಿತ್ ಎಂಬ ಹಾಡುಗಾರರ ಜೊತೆ ಕೆಲಸ ಮಾಡಿದ್ದವನು. ಕೆಲಸ ಎಳೆದು ಎಳೆದು ತಿಂಗಳುಗಳಾದವು, ದುಡ್ಡು ಅಂದಾಜನ್ನು ಮೀರಿತು. ಕೊನೆಗೆ ಕ್ಯಾಪಿಟಲ್ ರೆಕಾರ್ಡ್ಸ್ ಅವರನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿತು. ಅಮೆರಿಕದಲ್ಲಿ ಬೀಟಲ್ಸ್ ರೆಕಾರ್ಡ್ ಮಾರಿದ ಅದೇ ಕಂಪನಿ. ಕ್ರೇಗ್‌ಗೆ ಸ್ವರ್ಗ ಮೂರೇ ಗೇಣು ಅನ್ನಿಸಿರಬೇಕು.

ಆದರೆ ಈ ನಡುವೆ ಡೇವಿಡ್ ಆಲಿಫ್ ಗಂಟು ಕಟ್ಟಿದ. ಆಲ್ಬಮ್ ಮುಗಿಯುವ ಮೊದಲೇ ಸಿಡ್ನಿಗೆ ಮರಳಿದ. ಉಳಿದ ಡ್ರಮ್ಸ್ ಕೆಲಸವನ್ನು ಲಾಸ್ ಏಂಜಲೀಸ್‌ನ ವೃತ್ತಿಪರ ಡ್ರಮ್ಮರ್‌ಗಳು ಮುಗಿಸಿಕೊಟ್ಟರು. ಆ ಆಲ್ಬಮ್ಮಿನಲ್ಲಿ 'ಹೋಮ್‌ಸಿಕ್' ಅಂತ ಒಂದು ಹಾಡಿದೆ. ಅದು ಆಲಿಫ್ ಬಗ್ಗೆ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಹಾಡು ಬಂದಾಗಲೆಲ್ಲ ನನಗೆ ಅವನೇ ನೆನಪಾಗುತ್ತಾನೆ. ಹಿತ್ತಲಿನ ಪಾರ್ಟಿಯಿಂದ ಏಳು ವರ್ಷ ಜೊತೆಗಿದ್ದು, ಬಾಗಿಲು ತೆರೆಯುವ ಹೊತ್ತಿಗೆ ಮನೆಗೆ ಹೋದವನು. 'ಲೂಯಿ ಲೂಯಿ' ಹಾಡಿದ ಈಲಿಯ ಹಾಗೆಯೇ. ಒಂದೇ ವ್ಯತ್ಯಾಸ, ಇವನನ್ನು ಯಾರೂ ತಳ್ಳಲಿಲ್ಲ.

ಅವನ ಜಾಗಕ್ಕೆ ಹೇಮಿಶ್ ರಾಸರ್ ಬಂದ. ಇನ್ನೊಂದು ಗಿಟಾರ್‌ಗೆ ಕ್ರೇಗ್‌ನ ಶಾಲೆಯ ಗೆಳೆಯ ರಯಾನ್ ಗ್ರಿಫಿತ್ಸ್ ಸೇರಿದ. 2002ರಲ್ಲಿ ಜಗತ್ತು ಪೋಸ್ಟರ್‌ನಲ್ಲಿ ನೋಡಿದ ನಾಲ್ಕು ಮುಖ ಇವೇ. ಜನ ಇದನ್ನೇ ಮೂಲ ಬ್ಯಾಂಡ್ ಅಂದುಕೊಂಡಿದ್ದರು. ಅಸಲಿಗೆ ಇದು ಆಗಲೇ ಎರಡನೇ ಸುತ್ತು.

ಆ ಆಲ್ಬಮ್ 'ಹೈಲಿ ಇವಾಲ್ವ್ಡ್'. 2002ರ ಜುಲೈನಲ್ಲಿ ಬಂತು. ಇಂಗ್ಲೆಂಡಿನ ಪಟ್ಟಿಯಲ್ಲಿ 3, ಆಸ್ಟ್ರೇಲಿಯಾದಲ್ಲಿ 5, ಅಮೆರಿಕದಲ್ಲಿ 11. ಹೊಸಬರ ಮೊದಲ ಆಲ್ಬಮ್ಮಿಗೆ ಇದು ದೊಡ್ಡ ಮಾತು. ಮುಖಪುಟದ ಚಿತ್ರ ಕ್ರೇಗ್‌ನೇ ಬರೆದದ್ದು. ಆಲ್ಬಮ್ಮಿನ ಹೆಸರನ್ನೇ ಹೊತ್ತ ಹಾಡು ಬರೀ ಒಂದೂವರೆ ನಿಮಿಷ. 'ಗೆಟ್ ಫ್ರೀ' ಎರಡು ನಿಮಿಷದ ಚಿಲ್ಲರೆ. ಆ ಹಾಡಿನ ವಿಡಿಯೊದಲ್ಲಿ ಬಯಲಲ್ಲಿ ನುಡಿಸುತ್ತಾ ಇರುತ್ತಾರೆ, ಮೇಲಿಂದ ಸಿಡಿಲು ಹೊಡೆಯುತ್ತಾ ಇರುತ್ತದೆ. ನಾನು ನೋಡಿದ್ದು ಹಾಸ್ಟೆಲ್ ಟಿವಿಯಲ್ಲಿ, ರಾತ್ರಿ ಒಂದು ಗಂಟೆಗೆ, ವಾರ್ಡನ್‌ಗೆ ಗೊತ್ತಾಗದ ಹಾಗೆ ದನಿ ಪೂರ್ತಿ ಇಳಿಸಿ. ಹಾಗಾಗಿ ವೈನ್ಸ್ ನನಗೆ ಮೊದಲು ಪರಿಚಯವಾದದ್ದು ಮೂಕಿ ಚಿತ್ರವಾಗಿ! ಸಿಡಿ ಕೈಗೆ ಬರಲು ಇನ್ನೂ ಮೂರು ತಿಂಗಳು ಬೇಕಾಯಿತು.

ಸಿಡಿ ಬಂದಾಗ ಆಶ್ಚರ್ಯ. ಅರ್ಧ ಆಲ್ಬಮ್ ಕೂಗಾಟವೇ ಅಲ್ಲ. 'ಆಟಮ್ ಶೇಡ್', 'ಮೇರಿ ಜೇನ್', ಆ 'ಹೋಮ್‌ಸಿಕ್'. ಮೆಲ್ಲಗೆ, ತೇಲಿಕೊಂಡು ಹೋಗುವ ಹಾಡುಗಳು. ಎರಡು ದನಿ ಒಂದರ ಮೇಲೊಂದು ಕೂತಿವೆ. ಪ್ಯಾಟ್ರಿಕ್ ಬೇಸ್ ನುಡಿಸುತ್ತಲೇ ಕ್ರೇಗ್‌ಗೆ ಜೊತೆಯಾಗಿ ಎರಡನೇ ದನಿಯನ್ನೂ ಹಾಡುತ್ತಿದ್ದ. ಪತ್ರಿಕೆಗಳು ಈ ಅರ್ಧವನ್ನು ಬಿಟ್ಟು ಕೂಗುವ ಅರ್ಧವನ್ನು ಹಿಡಿದುಕೊಂಡವು. ರೋಲಿಂಗ್ ಸ್ಟೋನ್ ಪತ್ರಿಕೆ ರಾಕ್ ಮರಳಿ ಬಂದಿದೆ ಎಂಬ ಘೋಷಣೆಯೊಂದಿಗೆ ಇವರನ್ನು ಮುಖಪುಟಕ್ಕೆ ಹಾಕಿತು. ಹೆಸರೂ ಕೇಳದವರು ಮುಂದಿನ ನಿರ್ವಾಣ ಅಂತ ಮಾತಾಡತೊಡಗಿದರು.

2002ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನಲ್ಲಿ ಎಂಟಿವಿ ಪ್ರಶಸ್ತಿ ಸಮಾರಂಭ. ಅಲ್ಲಿ ಹೈವ್ಸ್ ಮತ್ತು ವೈನ್ಸ್ ಇಬ್ಬರನ್ನೂ ಜೋಡಿ ಕಾಳಗಕ್ಕೆ ಬಿಟ್ಟ ಹಾಗೆ ಒಬ್ಬರಾದ ಮೇಲೆ ಒಬ್ಬರು ನುಡಿಸುವಂತೆ ಮಾಡಿದರು. ಹೈವ್ಸ್‌ನವರು ಕಪ್ಪು ಬಿಳುಪು ಉಡುಪಿನಲ್ಲಿ ಶಿಸ್ತಾಗಿ ನುಡಿಸಿದರು. ಆಮೇಲೆ ಇವರು. ಕ್ರೇಗ್ ಹಾಡಿನ ಕೊನೆಗೆ ಡ್ರಮ್ಸ್ ಮೇಲೆಯೇ ಬಿದ್ದ. ಅದೇ ತಿಂಗಳು ಡೇವಿಡ್ ಲೆಟರ್‌ಮನ್‌ನ ಟಿವಿ ಕಾರ್ಯಕ್ರಮದಲ್ಲೂ ಸಾಮಾನು ಚೆಲ್ಲಾಪಿಲ್ಲಿ. ಜನ ಚಪ್ಪಾಳೆ ತಟ್ಟಿದರು. ಹಾಸ್ಟೆಲ್‌ನಲ್ಲಿ ನಾವೂ ತಟ್ಟಿದೆವು. ಹುಡುಗ ನಿಜವಾಗಿಯೂ ಒದ್ದಾಡುತ್ತಿರಬಹುದು ಅಂತ ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ಈಗ ಅದೇ ವಿಡಿಯೊ ಹಾಕಿ ಪ್ಯಾಟ್ರಿಕ್ ಕಡೆ ನೋಡಿ. ಎಲ್ಲ ಉರುಳುತ್ತಿರುವಾಗ ಬೇಸ್ ಹಿಡಿದವನೊಬ್ಬ ತನ್ನ ಪಾಡಿಗೆ ತಾಳ ತಪ್ಪದೆ ನಿಂತಿರಬೇಕು. ಆ ಕೆಲಸ ಎಷ್ಟು ಕಷ್ಟ ಅಂತ ನನಗೆ ಗೊತ್ತು. ನಮ್ಮ ಹಾಡುಗಾರ ಒಮ್ಮೆ ಸಾಲು ಮರೆತಾಗಲೇ ನನ್ನ ಕೈ ನಡುಗಿತ್ತು.

2003ರಲ್ಲಿ ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಹತ್ತಿರ ಎರಡನೇ ಆಲ್ಬಮ್ ಮಾಡಿದರು. ಮತ್ತೆ ರಾಬ್ ಶ್ನಾಫ್. 'ವಿನ್ನಿಂಗ್ ಡೇಸ್' 2004ರ ಮಾರ್ಚ್‌ನಲ್ಲಿ ಬಂತು. ಹೆಸರು 'ಗೆಲುವಿನ ದಿನಗಳು'. ಆದರೆ ಇಂಗ್ಲೆಂಡಿನಲ್ಲಿ 29, ಅಮೆರಿಕದಲ್ಲಿ 23. ಕೆಟ್ಟ ಆಲ್ಬಮ್ ಅಲ್ಲ. ನನಗಂತೂ ಅದರ ಹೆಸರು ಹಾಡು ಅವರ ಅತ್ಯುತ್ತಮ ಹಾಡುಗಳಲ್ಲಿ ಒಂದು. ಆದರೆ ಮುಖಪುಟಕ್ಕೆ ಹಾಕಿದ ಪತ್ರಿಕೆಗಳಿಗೆ ಅಷ್ಟರಲ್ಲಿ ಬೇರೆ ಮುಖ ಸಿಕ್ಕಿತ್ತು. ಆ ವರ್ಷ ಜೆಟ್, ದಿ ಲಿವಿಂಗ್ ಎಂಡ್ ಮುಂತಾದ ತಮ್ಮ ನಾಡಿನ ಬ್ಯಾಂಡುಗಳ ಜೊತೆ ಅಮೆರಿಕ ಸುತ್ತಿದರು. ಊರಿಂದೂರಿಗೆ, ಹೋಟೆಲಿನಿಂದ ಹೋಟೆಲಿಗೆ.

ಈಗ ಆ ರಾತ್ರಿಗೆ ಬರುತ್ತೇನೆ. 2004ರ ಮೇ 27. ಸಿಡ್ನಿಯ ಅನ್ನಂಡೇಲ್ ಹೋಟೆಲ್. ಹೋಟೆಲ್ ಅಂದರೆ ಅಲ್ಲಿ ಹಳೆಯ ಪಬ್, ಒಳಗೆ ವೇದಿಕೆ, ಬ್ಯಾಂಡುಗಳಿಗೆ ಹೆಸರಾದ ಜಾಗ. ಟ್ರಿಪಲ್ ಎಂ ಎಂಬ ರೇಡಿಯೊದವರು ತಮ್ಮ ಕೇಳುಗರಿಗಾಗಿ ಇಟ್ಟ ಕಾರ್ಯಕ್ರಮ. ಬಂದವರು ತಮ್ಮ ತಮ್ಮಲ್ಲೇ ಮಾತಾಡುತ್ತಿದ್ದರು, ನಗುತ್ತಿದ್ದರು. ಕ್ರೇಗ್‌ಗೆ ತಡೆಯಲಾಗಲಿಲ್ಲ. ನೀವೆಲ್ಲ ಕುರಿಗಳು ಅಂತ ಬೈದ. ಒಬ್ಬ ಫೋಟೊಗ್ರಾಫರ್ ಕಡೆ ಕಾಲು ಬೀಸಿದ, ಕ್ಯಾಮೆರಾ ಒಡೆಯಿತು.

ಆಗ ಪ್ಯಾಟ್ರಿಕ್ ಮ್ಯಾಥ್ಯೂಸ್ ವೇದಿಕೆಯಿಂದ ಇಳಿದ. ಹೊರಗೆ ನಡೆದ. ಮತ್ತೆ ಆ ಬ್ಯಾಂಡಿಗೆ ಬರಲಿಲ್ಲ.

ಇದನ್ನು ನಾನು ಮೊದಲ ಸಲ ಓದಿದಾಗ ಅವನ ಮೇಲೆ ಸಿಟ್ಟು ಬಂದಿತ್ತು. ಗೆಳೆಯ ಕುಸಿಯುತ್ತಿರುವಾಗ ಬಿಟ್ಟು ಹೋಗುವುದೇ? ಆಮೇಲೆ ಲೆಕ್ಕ ಹಾಕಿದೆ. ಮೆಕ್‌ಡೊನಾಲ್ಡ್ಸ್ ಅಡುಗೆಮನೆಯಿಂದ ಆ ರಾತ್ರಿಯವರೆಗೆ ಹತ್ತು ವರ್ಷಕ್ಕೂ ಜಾಸ್ತಿ. ಅಷ್ಟೂ ಕಾಲ ಕ್ರೇಗ್‌ನ ಸಿಟ್ಟು, ಮೌನ ಎಲ್ಲವನ್ನೂ ಹತ್ತಿರದಿಂದ ಕಂಡು ಪಕ್ಕದಲ್ಲಿ ನಿಂತವನು. ಏನಾಗುತ್ತಿದೆ ಅಂತ ಹೇಳಲು ಅವನ ಬಳಿ ಒಂದು ಪದವೂ ಇರಲಿಲ್ಲ. ಯಾರ ಬಳಿಯೂ ಇರಲಿಲ್ಲ. ಪದ ಸಿಕ್ಕಿದ್ದು ಆರು ತಿಂಗಳ ನಂತರ.

ಆ ವರ್ಷದ ನವೆಂಬರ್‌ನಲ್ಲಿ ಸಿಡ್ನಿಯ ಬಾಲ್ಮೇನ್ ಕೋರ್ಟಿನಲ್ಲಿ ಆ ರಾತ್ರಿಯ ಹಲ್ಲೆ ಪ್ರಕರಣ ಬಂತು. ಕ್ರೇಗ್‌ಗೆ ಆಸ್ಪರ್ಜರ್ ಸಿಂಡ್ರೋಮ್ ಇದೆ ಅಂತ ಅವನ ವಕೀಲರು ಅಲ್ಲಿ ತಿಳಿಸಿದರು. ಚಿಕಿತ್ಸೆ ಮುಂದುವರಿಸಬೇಕು ಎಂಬ ಷರತ್ತಿನ ಮೇಲೆ ಕೋರ್ಟ್ ಪ್ರಕರಣ ಕೈಬಿಟ್ಟಿತು. ಈಗ ಆ ಹೆಸರನ್ನು ವೈದ್ಯರು ಬೇರೆಯಾಗಿ ಬಳಸುವುದಿಲ್ಲ, ಆಟಿಸಂನ ಹರವಿನೊಳಗೇ ಸೇರಿಸುತ್ತಾರೆ. ಇಲ್ಲಿ ಕೂತವರಲ್ಲಿ ಅಂಥ ಮಕ್ಕಳ ಅಪ್ಪ ಅಮ್ಮ ಇರಬಹುದು, ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ದಿನಚರಿ ತಪ್ಪುವುದು, ಜೋರು ಸದ್ದು, ಕಣ್ಣಿಗೆ ಹೊಡೆಯುವ ಬೆಳಕು, ಗುರುತಿಲ್ಲದವರ ಗುಂಪು, ಒಂದೇ ಸಲ ಹತ್ತು ಜನ ಮಾತಾಡುವುದು, ಇವೆಲ್ಲ ಹಿಂಸೆಯಾಗಬಹುದು. ಈಗ ಹೇಳಿ, ಇಷ್ಟನ್ನೂ ಒಂದೇ ಕಡೆ ಸೇರಿಸಿದರೆ ಏನಾಗುತ್ತದೆ? ರಾಕ್ ಬ್ಯಾಂಡಿನ ಪ್ರವಾಸವೇ ಆಗುತ್ತದೆ. ಎರಡು ವರ್ಷ ಅವನನ್ನು ಅದರೊಳಗೇ ಸುತ್ತಿಸಿದ್ದರು. ನಾವು ಚಪ್ಪಾಳೆ ತಟ್ಟಿದ್ದೆವು.

ಆಮೇಲೆ ಉದ್ದದ ಪ್ರವಾಸಗಳು ನಿಂತವು. ಕ್ರೇಗ್ ಗಾಂಜಾ ಬಿಟ್ಟ, ಊಟದ ರೀತಿ ಬದಲಾಯಿಸಿದ. ಸಿಡ್ನಿಯಲ್ಲೇ, ಮನೆಯ ಹತ್ತಿರವೇ, ಮೂರನೇ ಆಲ್ಬಮ್ ಶುರುವಾಯಿತು. ಆದರೆ ಬೇಸ್ ನುಡಿಸಲು ಯಾರೂ ಇಲ್ಲ! ಆಗ ಬಂದವನು ಆ್ಯಂಡಿ ಕೆಂಟ್. ಯಾವ ಬ್ಯಾಂಡಿನವನು? ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ. ಯೂ ಆಮ್ ಐ. ಹಿತ್ತಲ ಪಾರ್ಟಿಯಲ್ಲಿ ಹುಡುಗರು ಯಾರ ಹಾಡು ನುಡಿಸಿ ಕಲಿತಿದ್ದರೋ, ಆ ಬ್ಯಾಂಡಿನ ಬೇಸ್ ವಾದಕನೇ ಬಂದು ಖಾಲಿ ಜಾಗದಲ್ಲಿ ನಿಂತ. ಈ ಇಡೀ ಕತೆಯಲ್ಲಿ ನನಗೆ ಇಷ್ಟವಾದ ಜಾಗ ಇದು.

'ವಿಷನ್ ವ್ಯಾಲಿ' 2006ರಲ್ಲಿ ಬಂತು. ಪೂರ್ತಿ ಆಲ್ಬಮ್ ಅರ್ಧ ಗಂಟೆ ಚಿಲ್ಲರೆ. ಆಮೇಲೆ ಬ್ರ್ಯಾಡ್ ಹೀಲ್ಡ್ ಖಾಯಂ ಆಗಿ ಬೇಸ್ ಹಿಡಿದ. ಅದೇ 2006ರಲ್ಲಿ ಪ್ಯಾಟ್ರಿಕ್ ಏನು ಮಾಡುತ್ತಿದ್ದ? ಅವನು ಯೂತ್ ಗ್ರೂಪ್ ಎಂಬ ಇನ್ನೊಂದು ಸಿಡ್ನಿ ಬ್ಯಾಂಡ್ ಸೇರಿದ್ದ. ಅವರು ಜರ್ಮನಿಯ ಆಲ್ಫಾವಿಲ್ ಬ್ಯಾಂಡಿನ ಹಳೆಯ ಹಾಡು 'ಫಾರೆವರ್ ಯಂಗ್' ಅನ್ನು ತಮ್ಮ ರೀತಿಯಲ್ಲಿ ಹಾಡಿದರು. ಅಮೆರಿಕದ ಒಂದು ಟಿವಿ ಧಾರಾವಾಹಿಯಲ್ಲಿ ಅದು ಬಂತು. ಆಸ್ಟ್ರೇಲಿಯಾದ ಪಟ್ಟಿಯಲ್ಲಿ ನಂಬರ್ 1. ವೈನ್ಸ್‌ಗೆ ತಮ್ಮ ನಾಡಿನಲ್ಲಿ ಎಂದೂ ಸಿಗದ ನಂಬರ್ 1 ಬಿಟ್ಟು ಹೋದವನಿಗೆ ಸಿಕ್ಕಿತು. ಮತ್ತೆ ಯಾರೂ ಅವನ ಮುಖ ನೋಡಲಿಲ್ಲ, ಅದು ಬೇರೆ ಮಾತು. ಬೇಸ್ ಅಲ್ವಾ.

ಕರಾವಳಿ ಕಡೆಯವರಿಗೆ ನಾನು ಹೇಳುವುದು ಬೇಗ ಹಿಡಿಸಬಹುದು. ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗುವ ಮೊದಲು ಯಾರು ಯಾವ ಮೇಳಕ್ಕೆ ಹೋದರು ಎಂಬುದೇ ಸುದ್ದಿ. ಮೇಳದ ಹೆಸರು ಅದೇ, ಪ್ರಸಂಗ ಅದೇ. ವೇಷಧಾರಿ ಬದಲಾದರೆ ಎಲ್ಲರಿಗೂ ಗೊತ್ತಾಗುತ್ತದೆ. ಮದ್ದಳೆಯವರು ಬದಲಾದರೆ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಆದರೆ ಕುಣಿಯುವವನ ಕಾಲಿಗೆ ಗೊತ್ತಾಗುತ್ತದೆ.

ಮುಂದಿನದನ್ನು ಬೇಗ ಹೇಳುತ್ತೇನೆ. ಕ್ಯಾಪಿಟಲ್ ಕಂಪನಿ ಇವರನ್ನು ಬಿಟ್ಟಿತು. 2008ರಲ್ಲಿ 'ಮೆಲೋಡಿಯ', ಮತ್ತೆ ರಾಬ್ ಶ್ನಾಫ್ ಜೊತೆ. ಆ ವರ್ಷದ ಕೊನೆಗೆ ಕ್ರೇಗ್‌ನ ಮನಸ್ಸಿನ ಆರೋಗ್ಯ ಕೆಟ್ಟು, ಒಪ್ಪಿಕೊಂಡ ಕಾರ್ಯಕ್ರಮಗಳನ್ನು ಬಿಡಬೇಕಾಯಿತು. 2011ರಲ್ಲಿ 'ಫ್ಯೂಚರ್ ಪ್ರಿಮಿಟಿವ್'. ಅದಾದ ಮೇಲೆ ಹೇಮಿಶ್ ರಾಸರ್ ಮತ್ತು ಶಾಲಾ ಗೆಳೆಯ ರಯಾನ್ ಗ್ರಿಫಿತ್ಸ್ ಇಬ್ಬರೂ ಹೊರಗಾದರು. ಬ್ರ್ಯಾಡ್ ಹೀಲ್ಡ್ ಕೂಡ ಉಳಿಯಲಿಲ್ಲ. ಬೇಸ್‌ಗೆ ಟಿಮ್ ಜಾನ್, ಡ್ರಮ್ಸ್‌ಗೆ ಲಾಕ್ಲನ್ ವೆಸ್ಟ್ ಬಂದರು. ಮತ್ತೆ ಮೂವರ ಬ್ಯಾಂಡ್, 1994ರಲ್ಲಿದ್ದ ಹಾಗೆ. ಈ ಮೂವರು 2014ರಲ್ಲಿ 'ವಿಕೆಡ್ ನೇಚರ್' ತಂದರು. ಎರಡು ಸಿಡಿ, 22 ಹಾಡು. ಕಂಪನಿ ಇಲ್ಲ, ಅಭಿಮಾನಿಗಳು ಮುಂಗಡ ಕೊಟ್ಟ ದುಡ್ಡಿನಲ್ಲಿ ಮಾಡಿದ್ದು. 2018ರಲ್ಲಿ 'ಇನ್ ಮಿರಾಕಲ್ ಲ್ಯಾಂಡ್'.

ಆ ಚೀಲದಲ್ಲಿದ್ದ ಉಳಿದ ಬ್ಯಾಂಡುಗಳನ್ನೂ ನೋಡಿ. ಸ್ಟ್ರೋಕ್ಸ್‌ನಲ್ಲಿ ಮೊದಲ ಆಲ್ಬಮ್ ಮಾಡಿದ ಐದು ಜನರೇ ಈಗಲೂ ಇದ್ದಾರೆ. ಹೈವ್ಸ್‌ನಿಂದ ಇಷ್ಟು ವರ್ಷದಲ್ಲಿ ಹೋದವನು ಒಬ್ಬನೇ, 2013ರಲ್ಲಿ. ಯಾರು ಗೊತ್ತಾ? ಬೇಸ್ ವಾದಕ! ವೈಟ್ ಸ್ಟ್ರೈಪ್ಸ್ ಇದ್ದದ್ದೇ ಇಬ್ಬರು, 2011ರಲ್ಲಿ ಬ್ಯಾಂಡೇ ಮುಗಿಯಿತು. ಅವರು ಮಾತ್ರ ಜಾಣರು. ಬೇಸ್ ಇಟ್ಟುಕೊಳ್ಳಲೇ ಇಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ, ಹಾಡೆಲ್ಲ ಕ್ರೇಗ್‌ನದೇ ಅಂದ ಮೇಲೆ ಉಳಿದವರು ಯಾರಿದ್ದರೇನು ಅಂತ. ಒಳ್ಳೆಯ ಪ್ರಶ್ನೆ. ನಾನೇ ಅದನ್ನು ಪರೀಕ್ಷಿಸಿ ನೋಡಿದ್ದೇನೆ. ಮೊದಲ ಆಲ್ಬಮ್ಮಿನಲ್ಲಿ 'ಆಟಮ್ ಶೇಡ್' ಅಂತ ಹಾಡಿದೆ ಅಂದೆನಲ್ಲ. ಕ್ರೇಗ್ ಅದೇ ಹೆಸರನ್ನು ಬಿಡದೆ ಬೆಳೆಸಿದ. 2004ರ ಆಲ್ಬಮ್ಮಿನಲ್ಲಿ ಎರಡನೆಯದು, 2008ರಲ್ಲಿ ಮೂರನೆಯದು, 2011ರಲ್ಲಿ ನಾಲ್ಕನೆಯದು. ರಾಗ ಬೇರೆ ಬೇರೆ, ಹೆಸರಿನ ದಾರ ಒಂದೇ. ನಾಲ್ಕನ್ನೂ ಸಾಲಾಗಿ ಒಂದು ರಾತ್ರಿ ಕೂತು ಕೇಳಿದೆ. ಮೊದಲ ಎರಡರಲ್ಲಿ ಪ್ಯಾಟ್ರಿಕ್ ಇದ್ದಾನೆ, ಮುಂದಿನ ಎರಡರಲ್ಲಿ ಇಲ್ಲ. ಕೊನೆಯದರಲ್ಲೂ ಕ್ರೇಗ್ ಚೆನ್ನಾಗಿಯೇ ಹಾಡಿದ್ದಾನೆ. ಆದರೆ ನನ್ನ ಕಿವಿಗೆ, ಮೊದಲಿನದರಲ್ಲಿ ಅವನು ಯಾರಿಗೋ ಹೇಳುತ್ತಿದ್ದಾನೆ. ಕೊನೆಯದರಲ್ಲಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ. ಇದು ನನ್ನ ಪಕ್ಷಪಾತ ಇರಬಹುದು. ನೀವು ಕೇಳಿ, ಬೇರೆ ಅನ್ನಿಸಿದರೆ ಮುಂದಿನ ತಿಂಗಳು ಬಂದು ಜಗಳ ಮಾಡಿ.

ಸಮಯ ಆಯಿತು ಅಂತ ಸನ್ನೆ ಬರುತ್ತಿದೆ. ಕೊನೆಗೆ 'ಹೋಮ್‌ಸಿಕ್' ಹಾಕುತ್ತೇನೆ. ಸುಮಾರು ಐದು ನಿಮಿಷದ ಹಾಡು. ಕ್ರೇಗ್‌ನ ದನಿ ಹೇಗಿದ್ದರೂ ಕೇಳಿಸುತ್ತದೆ, ಅದರ ಕಡೆ ಗಮನ ಬೇಡ. ಸ್ಪೀಕರ್ ಹತ್ತಿರ ಇರುವವರು ನೆಲಕ್ಕೆ ಕಾಲು ಊರಿ ಕೂರಿ. ಬೇಸ್ ಮೊದಲು ಪಾದಕ್ಕೆ ಬರುತ್ತದೆ.

(ಹಾಡು)